ವಿಧಿ, ರೂಢಿ, ನ್ಯಾಯ: ಹೆರೊಡೊಟಸ್ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕರ ಇತಿಹಾಸವನ್ನು ಯುದ್ಧದ ಕಥೆ ಅಂದುಕೊಂಡು ಓದಲು ಕೂತವರಿಗೆ ಮೊದಲು ಎದುರಾಗುವುದು ಕನಸು, ಕಣಿ, ಶಾಪ, ಮೀನಿನ ಹೊಟ್ಟೆಯೊಳಗಿನ ಉಂಗುರ. "ಇದು ಇತಿಹಾಸವೋ ಅಜ್ಜಿ ಕಥೆಯೋ?" ಎಂದು ಕೇಳುವವರು ಬಹಳ. ಅಂಥ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ. ಹೆಚ್ಚಿನ ಮಾತು ಹೆರೊಡೊಟಸ್‌ನದು. ಥುಸಿಡಿಡೀಸ್ ಬೇಕಾದ ಕಡೆ ಬರುತ್ತಾನೆ.

ಇವರಿಬ್ಬರೂ ಯಾರು? ಯಾವ ಕಾಲದವರು?

ಹೆರೊಡೊಟಸ್ ಹುಟ್ಟಿದ್ದು ಕ್ರಿ.ಪೂ. 484ರ ಸುಮಾರಿಗೆ, ಹಾಲಿಕಾರ್ನಾಸಸ್ ಎಂಬ ಊರಿನಲ್ಲಿ. ಅದು ಈಗಿನ ಟರ್ಕಿಯ ಬೋದ್ರುಮ್. ಗ್ರೀಕರೂ ಪರ್ಷಿಯನ್ನರೂ ಯಾಕೆ ಹೊಡೆದಾಡಿದರು ಎಂಬುದನ್ನು ಹುಡುಕುತ್ತಾ ಅವನು ಒಂದು ದೊಡ್ಡ ಚರಿತ್ರೆ ಬರೆದ. ಅದನ್ನು 9 ಭಾಗ ಮಾಡಿದವರು ಆಮೇಲಿನವರು. ರೋಮಿನ ಸಿಸೆರೊ ಇವನನ್ನು 'ಇತಿಹಾಸದ ಪಿತಾಮಹ' ಎಂದು ಕರೆದ. ಅದೇ ಉಸಿರಿನಲ್ಲಿ, ಇವನ ಬರಹದಲ್ಲಿ ಕಟ್ಟುಕಥೆಗಳಿಗೆ ಲೆಕ್ಕವಿಲ್ಲ ಅಂತಲೂ ಹೇಳಿದ. ಎರಡೂ ನಿಜವೇ.

ಥುಸಿಡಿಡೀಸ್ ಅಥೆನ್ಸ್‌ನವನು, ಒಂದು ತಲೆಮಾರು ಚಿಕ್ಕವನು. ದಂಡನಾಯಕನಾಗಿದ್ದ. ಕ್ರಿ.ಪೂ. 424ರಲ್ಲಿ ಆಂಫಿಪೊಲಿಸ್ ಪಟ್ಟಣ ಕೈತಪ್ಪಿದ್ದಕ್ಕೆ ಗಡೀಪಾರಾಗಿ 20 ವರ್ಷ ಹೊರಗಿದ್ದ. ಅಥೆನ್ಸ್ ಮತ್ತು ಸ್ಪಾರ್ಟಾದ ನಡುವಿನ ಯುದ್ಧವನ್ನು ಬರೆದವನು ಅವನೇ.

ಹೆರೊಡೊಟಸ್ ಪ್ರಕಾರ ಎಲ್ಲವೂ ಹಣೆಬರಹವೇ? ಮನುಷ್ಯನ ಕೈಯಲ್ಲಿ ಏನೂ ಇಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರಕ್ಕೆ ಲಿಡಿಯಾದ (ಈಗಿನ ಟರ್ಕಿಯ ಪಶ್ಚಿಮ ಭಾಗ) ದೊರೆ ಕ್ರೀಸಸ್‌ನ ಕಥೆಗೇ ಹೋಗಬೇಕು.

ಕ್ರೀಸಸ್‌ನ ಬಳಿ ಹಣ ಕೊಳೆಯುತ್ತಿತ್ತು. ಅಥೆನ್ಸ್‌ನ ಸೊಲೊನ್ ಬಂದಾಗ ಭಂಡಾರವೆಲ್ಲ ತೋರಿಸಿ, "ನೀನು ಕಂಡವರಲ್ಲಿ ಎಲ್ಲರಿಗಿಂತ ಸುಖಿ ಯಾರು?" ಎಂದು ಕೇಳಿದ. ತನ್ನ ಹೆಸರು ಬರುತ್ತದೆ ಅಂತ ಅವನ ಆಸೆ. ಸೊಲೊನ್ ಹೇಳಿದ್ದು ಟೆಲ್ಲಸ್ ಎಂಬ ಒಬ್ಬ ಸಾಮಾನ್ಯ ಅಥೆನ್ಸಿಗನ ಹೆಸರು. ಮಕ್ಕಳು ಮೊಮ್ಮಕ್ಕಳನ್ನು ಕಂಡು, ಊರಿಗಾಗಿ ಹೋರಾಡಿ ಸತ್ತವನು. ಆಮೇಲೆ ಸೊಲೊನ್ ಲೆಕ್ಕ ಹಾಕುತ್ತಾನೆ. ಮನುಷ್ಯನ ಆಯಸ್ಸು 70 ವರ್ಷ, ಅಧಿಕ ಮಾಸಗಳನ್ನೂ ಸೇರಿಸಿದರೆ 26,250 ದಿನ. ಒಂದು ದಿನದ ಹಾಗೆ ಇನ್ನೊಂದು ಇರುವುದಿಲ್ಲ. ಸಾಯುವ ತನಕ ಯಾರನ್ನೂ ಸುಖಿ ಅನ್ನಬೇಡ. ಕ್ರೀಸಸ್‌ಗೆ ಈ ಮಾತು ಹಿಡಿಸಲಿಲ್ಲ. ಸೊಲೊನ್‌ನನ್ನು ದಡ್ಡ ಅಂದುಕೊಂಡು ಕಳಿಸಿಬಿಟ್ಟ.

ಮುಂದೆ ಪರ್ಷಿಯಾದ ಸೈರಸ್ ಬೆಳೆಯುತ್ತಿರುವುದನ್ನು ಕಂಡು ಕ್ರೀಸಸ್ ಗ್ರೀಸಿನ ಡೆಲ್ಫಿಯಲ್ಲಿ, ಅಪೊಲೊ ದೇವರ ಗುಡಿಯಲ್ಲಿ, ಕಣಿ ಕೇಳಿಸಿದ. ಯುದ್ಧಕ್ಕೆ ಹೋದರೆ ಒಂದು ದೊಡ್ಡ ರಾಜ್ಯ ನಾಶವಾಗುತ್ತದೆ ಎಂದು ಉತ್ತರ ಬಂತು. ಹಿಗ್ಗಿ ಗಡಿಯ ಹಾಲಿಸ್ ನದಿ ದಾಟಿದ. ನಾಶವಾದದ್ದು ಅವನದೇ ರಾಜ್ಯ.

ಇಲ್ಲಿಗೆ ನಿಲ್ಲಿಸಿದರೆ ಇದು ಹಣೆಬರಹದ ಕಥೆ. ಆದರೆ ಹೆರೊಡೊಟಸ್ ನಡುವೆ ಸಾಂಡಾನಿಸ್ ಎಂಬ ಒಬ್ಬನನ್ನು ತಂದು ನಿಲ್ಲಿಸುತ್ತಾನೆ. ಅವನು ದೊರೆಗೆ ಹೇಳುತ್ತಾನೆ: "ಅವರು ತೊಗಲಿನ ಬಟ್ಟೆ ಉಡುವ ಬಡವರು. ಗೆದ್ದರೆ ನಿಮಗೆ ಸಿಗುವುದೇನು? ಸೋತರೆ ಕಳೆದುಕೊಳ್ಳುವುದು ಎಷ್ಟು?" ಇದಕ್ಕೆ ಕಣಿಯೂ ಬೇಕಿಲ್ಲ, ಕನಸೂ ಬೇಕಿಲ್ಲ. ಬರೀ ಬುದ್ಧಿ ಸಾಕು. ಕ್ರೀಸಸ್ ಕೇಳಲಿಲ್ಲ. ಅವನು ಹೊರಟದ್ದು ಯಾಕೆ ಎಂಬುದನ್ನೂ ಹೆರೊಡೊಟಸ್ ಹೇಳುತ್ತಾನೆ: ನೆಲದ ಆಸೆ, ಕಣಿಯ ಮೇಲಿನ ನಂಬಿಕೆ, ಸೈರಸ್ ಕೆಳಗಿಳಿಸಿದ ತನ್ನ ಭಾವನ ಪರವಾಗಿ ಸೇಡು. ಮೂರೂ ಮನುಷ್ಯನ ಮನಸ್ಸಿನಲ್ಲೇ ಹುಟ್ಟುವಂಥವು.

ಸೋತ ಮೇಲೆ ಕ್ರೀಸಸ್ ಡೆಲ್ಫಿಗೆ ತನ್ನ ಬೇಡಿಗಳನ್ನು ಕಳಿಸಿ, "ಉಪಕಾರ ಮಾಡಿದವರಿಗೆ ಮೋಸ ಮಾಡುವುದು ನಿಮ್ಮ ದೇವರ ಪದ್ಧತಿಯೇ?" ಎಂದು ಕೇಳಿಸುತ್ತಾನೆ. ಅಲ್ಲಿಂದ ಬಂದ ಉತ್ತರದಲ್ಲಿ ಎರಡು ಭಾಗ ಇದೆ. ಒಂದು, ವಿಧಿಯನ್ನು ದೇವರೂ ತಪ್ಪಿಸಲಾರ. ಇನ್ನೊಂದು, ಯಾವ ರಾಜ್ಯ ನಾಶವಾಗುತ್ತದೆ ಎಂದು ನೀನು ಮತ್ತೆ ಕೇಳಬೇಕಿತ್ತು, ಕೇಳಲಿಲ್ಲ, ಅದು ನಿನ್ನ ತಪ್ಪು. ವಿಧಿ ಒಂದು ಕಡೆ, ಹೊಣೆ ಇನ್ನೊಂದು ಕಡೆ. ಒಂದಿದ್ದರೆ ಇನ್ನೊಂದು ಇಲ್ಲ ಎಂದು ಹೆರೊಡೊಟಸ್‌ಗೆ ಯಾವತ್ತೂ ಅನಿಸಲಿಲ್ಲ. ಅವನನ್ನು ಓದುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇದು. ವಿಧಿ ಅವನಲ್ಲಿ ಯಾರ ತಪ್ಪಿಗೂ ಮಾಫಿ ಕೊಡುವುದಿಲ್ಲ.

ಸೊಲೊನ್ ಕ್ರೀಸಸ್‌ನನ್ನು ನಿಜವಾಗಿ ಭೇಟಿಯಾಗಿದ್ದನೇ?

ಬಹುಶಃ ಇಲ್ಲ. ಸೊಲೊನ್ ಅಥೆನ್ಸ್‌ನಲ್ಲಿ ಕಾನೂನು ಮಾಡಿದ್ದು ಕ್ರಿ.ಪೂ. 594ರ ಸುಮಾರಿಗೆ, ಕ್ರೀಸಸ್ ಪಟ್ಟಕ್ಕೆ ಬಂದದ್ದು 560ರ ಸುಮಾರಿಗೆ. ಕಾಲ ಕೂಡಿಬರುವುದಿಲ್ಲ ಎಂದು ಹಳೆಯ ಕಾಲದಲ್ಲೇ ಆಕ್ಷೇಪ ಎದ್ದಿತ್ತು.

ಕ್ರೀಸಸ್ ತನ್ನ ಹಿರಿಯನ ಪಾಪಕ್ಕೆ ಬೆಲೆ ತೆತ್ತ ಅಂತಾರಲ್ಲ, ಅದು ಯಾವ ನ್ಯಾಯ?

ಡೆಲ್ಫಿಯ ಅದೇ ಉತ್ತರದಲ್ಲಿ ಬರುವ ಮಾತು ಇದು. ಕ್ರೀಸಸ್‌ನ ವಂಶದ ಮೊದಲ ದೊರೆ ಗೈಜಿಸ್. ಅದಕ್ಕೂ ಮೊದಲು ಅವನು ಕಾಂಡಾಲಿಸ್ ಎಂಬ ದೊರೆಯ ಅಂಗರಕ್ಷಕ. ಆ ದೊರೆಗೆ ತನ್ನ ಹೆಂಡತಿಯ ಚೆಲುವಿನ ಹುಚ್ಚು. ಅವಳನ್ನು ಬೆತ್ತಲೆಯಾಗಿ ನೋಡು ಎಂದು ಗೈಜಿಸ್‌ಗೆ ಒತ್ತಾಯ ಮಾಡಿ ಮಲಗುವ ಕೋಣೆಯ ಬಾಗಿಲ ಹಿಂದೆ ನಿಲ್ಲಿಸಿದ. ರಾಣಿ ಇದನ್ನು ಕಂಡುಬಿಟ್ಟಳು. ಲಿಡಿಯಾದವರಲ್ಲಿ ಗಂಡಸು ಬೆತ್ತಲೆ ಕಂಡರೂ ಅವಮಾನ ಎಂದು ಹೆರೊಡೊಟಸ್ ಇಲ್ಲಿ ಒಂದು ಸಾಲು ಸೇರಿಸುತ್ತಾನೆ. ಮರುದಿನ ರಾಣಿ ಗೈಜಿಸ್‌ನನ್ನು ಕರೆಸಿ ಹೇಳಿದಳು: ಒಂದೋ ಅವನನ್ನು ಕೊಂದು ನನ್ನನ್ನೂ ರಾಜ್ಯವನ್ನೂ ತಗೋ, ಇಲ್ಲ ಈಗಲೇ ನೀನು ಸಾಯಿ. ಅವನು ಬದುಕುವುದನ್ನು ಆರಿಸಿಕೊಂಡ.

ಡೆಲ್ಫಿ ಈ ಹೊಸ ದೊರೆಯನ್ನು ಒಪ್ಪಿತು. ಆದರೆ ಐದನೆಯ ತಲೆಗೆ ಸೇಡು ತೀರುತ್ತದೆ ಎಂದು ಸೇರಿಸಿತು. ಆ ಮಾತನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಗೈಜಿಸ್‌ನಿಂದ ಎಣಿಸಿದರೆ ಐದನೆಯವನು ಕ್ರೀಸಸ್. ಅಪೊಲೊ ದೇವರು ಇದನ್ನು ಅವನ ಮಕ್ಕಳ ಕಾಲಕ್ಕೆ ಮುಂದೂಡಲು ನೋಡಿದನಂತೆ. ವಿಧಿದೇವತೆಗಳು ಬಿಟ್ಟುಕೊಟ್ಟದ್ದು ಮೂರೇ ವರ್ಷ.

ನನಗೆ ಇಲ್ಲಿ ಕುತೂಹಲ ಅನಿಸುವುದು ಬೇರೆ. ಇಡೀ ಸಾಮ್ರಾಜ್ಯದ ಪತನದ ಬೇರು ಹುಡುಕುತ್ತಾ ಹೋದರೆ ಸಿಗುವುದು ಒಂದು ಕಟ್ಟಳೆ ಮುರಿದ ಘಟನೆ. ನೋಡಬಾರದ್ದನ್ನು ನೋಡಿಸಿದ್ದು. ರೂಢಿ ಮುರಿದಲ್ಲಿ ಅನ್ಯಾಯ ಶುರುವಾಯಿತು, ಅನ್ಯಾಯದ ಸಾಲ ವಿಧಿಯಾಗಿ ತೀರಿತು.

ಹಾಗಾದರೆ ಇದು ನಮ್ಮ ಕರ್ಮದ ಮಾತೇ ಅಲ್ವಾ?

'ಮಾಡಿದ್ದುಣ್ಣೋ ಮಹರಾಯ' ಅನ್ನುವುದು ಬಾಯಿಗೆ ಬರುವುದು ಸಹಜ. ಆದರೆ ಇಲ್ಲಿ ಮಾಡಿದವನು ಒಬ್ಬ, ಉಂಡವನು ಇನ್ನೊಬ್ಬ. ಕರ್ಮದಲ್ಲಿ ಜೀವ ಒಂದೇ, ಜನ್ಮ ಬೇರೆ. ಹೆರೊಡೊಟಸ್‌ನ ಈ ಕಥೆಗಳಲ್ಲಿ ಜನ್ಮ ಒಂದೇ, ಸಾಲ ಮಾತ್ರ ವಂಶದಲ್ಲಿ ಇಳಿಯುತ್ತದೆ. ಅಪ್ಪ ಬರೆದುಕೊಟ್ಟ ಸಾಲಪತ್ರ ಮಗನ ಕೈಗೆ ಬಂದ ಹಾಗೆ. ಪುನರ್ಜನ್ಮದ ನಂಬಿಕೆ ಅವನಿಗೆ ಗೊತ್ತಿಲ್ಲದ್ದೇನಲ್ಲ, ಈಜಿಪ್ಟಿನವರು ಹಾಗೆ ಹೇಳುತ್ತಾರೆ ಎಂದು ಬರೆಯುತ್ತಾನೆ. ನ್ಯಾಯದ ಲೆಕ್ಕಕ್ಕೆ ಮಾತ್ರ ಅದನ್ನು ಬಳಸುವುದಿಲ್ಲ.

ದೇವರಿಗೆ ಹೊಟ್ಟೆಕಿಚ್ಚು ಎನ್ನುತ್ತಾನಲ್ಲ, ಏನದು?

ಸೊಲೊನ್ ಬಾಯಲ್ಲೇ ಈ ಮಾತು ಬರುತ್ತದೆ: ದೇವರು ಅಸೂಯೆಯವನು, ನೆಮ್ಮದಿ ಕೆಡಿಸುವವನು. ಇದಕ್ಕೆ ಒಳ್ಳೆಯ ಉದಾಹರಣೆ ಸೇಮೋಸ್ ದ್ವೀಪದ ಪೊಲಿಕ್ರಟೀಸ್. ಮುಟ್ಟಿದ್ದೆಲ್ಲ ಗೆಲುವು. ಅವನ ಗೆಳೆಯ, ಈಜಿಪ್ಟಿನ ದೊರೆ ಅಮಾಸಿಸ್ ಹೆದರಿ ಪತ್ರ ಬರೆದ: "ಇಷ್ಟೊಂದು ಅದೃಷ್ಟ ಒಳ್ಳೆಯದಲ್ಲ. ನಿನಗೆ ತುಂಬಾ ಇಷ್ಟವಾದದ್ದೊಂದನ್ನು ಸಿಗದ ಹಾಗೆ ಎಸೆದುಬಿಡು." ಪೊಲಿಕ್ರಟೀಸ್ ತನ್ನ ಪಚ್ಚೆಯ ಮುದ್ರೆಯುಂಗುರವನ್ನು ಹಡಗಿನಲ್ಲಿ ಒಯ್ದು ನಡುಗಡಲಿಗೆ ಎಸೆದ. ಐದಾರು ದಿನ ಕಳೆದಾಗ ಒಬ್ಬ ಬೆಸ್ತ ದೊಡ್ಡ ಮೀನೊಂದನ್ನು ಕಾಣಿಕೆ ತಂದ. ಕೊಯ್ದರೆ ಒಳಗೆ ಉಂಗುರ. ಸುದ್ದಿ ಕೇಳಿದ ಅಮಾಸಿಸ್ ಗೆಳೆತನವನ್ನೇ ಕಡಿದುಕೊಂಡ. ಹೀಗೆ ಎಸೆದದ್ದೂ ತಿರುಗಿ ಬರುವವನಿಗೆ ಕೆಟ್ಟ ಕೊನೆ ಕಾದಿದೆ ಎಂದು ಅವನಿಗೆ ಗೊತ್ತಾಯಿತು.

ನಮಗೆ ಮೀನಿನ ಹೊಟ್ಟೆಯ ಉಂಗುರ ಅಂದರೆ ಶಕುಂತಲೆ. ಅಲ್ಲಿ ಉಂಗುರ ಸಿಕ್ಕಿದ್ದೇ ಕಷ್ಟ ಕಳೆಯಲು ದಾರಿಯಾಯಿತು. ಇಲ್ಲಿ ಉಂಗುರ ಸಿಕ್ಕಿದ್ದೇ ಅನಾಹುತದ ಗುರುತು. ಪೊಲಿಕ್ರಟೀಸ್‌ನನ್ನು ಒರೊಯಿಟೀಸ್ ಎಂಬ ಪರ್ಷಿಯನ್ ಅಧಿಕಾರಿ ಹಣದ ಆಸೆ ತೋರಿಸಿ ಕರೆಸಿ ಕೊಂದ, ಹೆಣವನ್ನು ಕಂಬಕ್ಕೇರಿಸಿದ. ಹೋಗಬೇಡ ಎಂದು ಮಗಳು ಗೋಗರೆದಿದ್ದಳು. ಕೇಳಲಿಲ್ಲ. ಮತ್ತೆ ನೋಡಿ, ವಿಧಿಯ ಪಕ್ಕದಲ್ಲೇ ದುಡ್ಡಿನಾಸೆ.

ಇಲ್ಲಿ ಪಾಪ ಪುಣ್ಯದ ಮಾತು ಕಡಿಮೆ. ಅಳತೆ ಮೀರಿ ಬೆಳೆದದ್ದೇ ಅಪಾಯ. ಮುಂದೆ ಪರ್ಷಿಯಾದ ದೊರೆ ಜರ್ಕ್‌ಸೀಸ್‌ಗೆ ಅವನ ಚಿಕ್ಕಪ್ಪ ಆರ್ಟಬಾನಸ್ ಇದನ್ನೇ ಹೇಳುತ್ತಾನೆ: ಸಿಡಿಲು ಹೊಡೆಯುವುದು ಎತ್ತರದ ಮರಕ್ಕೆ, ಎತ್ತರದ ಮನೆಗೆ.

"ರೂಢಿಯೇ ಎಲ್ಲರ ಅರಸ" ಎಂಬ ಮಾತು ಎಲ್ಲಿ ಬರುತ್ತದೆ?

ಮೂರನೆಯ ಭಾಗದಲ್ಲಿ. ಮಾತು ಗ್ರೀಕ್ ಕವಿ ಪಿಂಡಾರನದು. ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, "ಎಷ್ಟು ಹಣ ಕೊಟ್ಟರೆ ಸತ್ತ ಅಪ್ಪನನ್ನು ತಿನ್ನುತ್ತೀರಿ?" ಎಂದು ಕೇಳಿದ. ಎಷ್ಟು ಕೊಟ್ಟರೂ ಇಲ್ಲ ಅಂದರು. ಆಮೇಲೆ ಕಲ್ಲಾಟಿಯರು ಎಂಬ ಭಾರತೀಯರನ್ನು ಕರೆಸಿದ. ಅವರು ಹೆತ್ತವರ ಹೆಣ ತಿನ್ನುವವರಂತೆ. "ಎಷ್ಟು ಕೊಟ್ಟರೆ ಅಪ್ಪನನ್ನು ಸುಡುತ್ತೀರಿ?" ಎಂದದ್ದಕ್ಕೆ ಅವರು, ಅಂಥ ಮಾತೇ ಆಡಬೇಡಿ ಎಂದು ಚೀರಿದರು. ಈ ಕಥೆ ಹೇಳಿ, ಪಿಂಡಾರನ ಮಾತು ಸರಿ ಎನ್ನುತ್ತಾನೆ ಹೆರೊಡೊಟಸ್.

ಆ ಭಾರತೀಯರು ಯಾರು? ಇದು ನಮ್ಮ ಮೇಲೆ ಕಟ್ಟಿದ ಸುಳ್ಳಲ್ವಾ?

ಹೆರೊಡೊಟಸ್ ಭಾರತಕ್ಕೆ ಬಂದವನಲ್ಲ. ಅವನಿಗೆ ಗೊತ್ತಿದ್ದ ಭಾರತ ಪರ್ಷಿಯನ್ನರ ಕೈಯಲ್ಲಿದ್ದ ಸಿಂಧೂ ನದಿಯ ಕಡೆಯ ಸೀಮೆ. ದಕ್ಷಿಣದ ನಾವು ಅವನ ಲೆಕ್ಕದಲ್ಲೇ ಇಲ್ಲ. ಆ ಸೀಮೆಯಿಂದ ವರ್ಷಕ್ಕೆ 360 ಟ್ಯಾಲೆಂಟ್ (ಆ ಕಾಲದ ಒಂದು ತೂಕ) ಚಿನ್ನದ ಪುಡಿ ಕಪ್ಪ ಬರುತ್ತಿತ್ತು ಎನ್ನುತ್ತಾನೆ. ನರಿಗಿಂತ ದೊಡ್ಡ ಇರುವೆಗಳು ಚಿನ್ನ ಅಗೆಯುತ್ತವೆ ಅಂತಲೂ ಹೇಳುತ್ತಾನೆ! ಆದರೆ ಮರದಲ್ಲಿ ಬೆಳೆಯುವ ಉಣ್ಣೆಯಿಂದ ಬಟ್ಟೆ ಮಾಡುತ್ತಾರೆ ಅಂದದ್ದು ನಮ್ಮ ಹತ್ತಿಯ ಮಾತೇ. ಯಾರೋ ಹೇಳಿದ್ದನ್ನು ಕೇಳಿ ಬರೆದದ್ದರಲ್ಲಿ ಸುಳ್ಳು ನಿಜ ಎರಡೂ ಬೆರೆತಿವೆ. ಅದಕ್ಕೆ ಸಿಟ್ಟಾಗಬೇಕಿಲ್ಲ. ಕಥೆಯಲ್ಲಿ ಭಾರತೀಯರು ಕೀಳು, ಗ್ರೀಕರು ಮೇಲು ಎಂದು ಅವನು ಹೇಳುತ್ತಿಲ್ಲ ಅನ್ನುವುದನ್ನು ಗಮನಿಸಿ. ಇಬ್ಬರೂ ಒಂದೇ ರೀತಿ ಬೆಚ್ಚಿಬೀಳುತ್ತಾರೆ.

ಎಲ್ಲರ ರೂಢಿಯೂ ಸರಿ ಅಂದಮೇಲೆ ತಪ್ಪು ಅನ್ನುವುದೇ ಇಲ್ವಾ?

ಇದೆ. ಡೇರಿಯಸ್‌ನ ಕಥೆಯನ್ನು ಅವನು ಸುಮ್ನೆ ಹೇಳಿದ್ದಲ್ಲ. ಅದು ಬರುವುದು ಕಾಂಬಿಸಸ್ ಎಂಬ ಪರ್ಷಿಯನ್ ದೊರೆಯ ಹುಚ್ಚಾಟದ ಮಧ್ಯೆ. ಅವನು ಈಜಿಪ್ಟಿನವರ ಪವಿತ್ರ ಕರು ಆಪಿಸ್‌ನ ತೊಡೆಗೆ ಕತ್ತಿ ಹಾಕಿದ, ಗುಡಿಗಳಿಗೆ ನುಗ್ಗಿ ಮೂರ್ತಿಗಳನ್ನು ನೋಡಿ ನಕ್ಕ. ಬೇರೆಯವರ ರೂಢಿಯನ್ನು ನೋಡಿ ನಗುವವನು ಹುಚ್ಚನೇ ಇರಬೇಕು ಎನ್ನುವುದು ಹೆರೊಡೊಟಸ್‌ನ ವಾದ. ಕಾಂಬಿಸಸ್ ಸತ್ತದ್ದು ತನ್ನದೇ ಕತ್ತಿ ತೊಡೆಗೆ ಚುಚ್ಚಿಕೊಂಡು. ಕರುವಿಗೆ ಹೊಡೆದ ಜಾಗಕ್ಕೇ ಅದು ತಗುಲಿತ್ತು.

ಹಾಗೆಯೇ ಜರ್ಕ್‌ಸೀಸ್. ಏಷ್ಯಾ ಯುರೋಪುಗಳ ನಡುವಿನ ಜಲಸಂಧಿಗೆ ಕಟ್ಟಿಸಿದ ಸೇತುವೆ ಬಿರುಗಾಳಿಗೆ ಮುರಿದಾಗ ನೀರಿಗೆ 300 ಛಡಿಯೇಟು ಹಾಕಿಸಿದ. ಸಮುದ್ರವನ್ನು ಆಳಿನ ಹಾಗೆ ಶಿಕ್ಷಿಸಿದ.

ರೂಢಿಗೆ ಇನ್ನೊಂದು ಮುಖವೂ ಇದೆ. ಸ್ಪಾರ್ಟಾದಿಂದ ಓಡಿಬಂದ ದೊರೆ ಡೆಮರಾಟಸ್ ಜರ್ಕ್‌ಸೀಸ್‌ಗೆ ಹೇಳುತ್ತಾನೆ: "ನಿನ್ನ ಜನ ನಿನಗೆ ಹೆದರುವುದಕ್ಕಿಂತ ಜಾಸ್ತಿ ಸ್ಪಾರ್ಟಾದವರು ತಮ್ಮ ಕಟ್ಟಳೆಗೆ ಹೆದರುತ್ತಾರೆ." ಜರ್ಕ್‌ಸೀಸ್ ನಕ್ಕುಬಿಟ್ಟ. ಸ್ಪಾರ್ಟಾದವರು ಸಾಯುವ ತನಕ ಹೋರಾಡಿದ ಥರ್ಮೋಪಿಲೆ ಕಣಿವೆಯಲ್ಲಿ ಅವನಿಗೆ ಅರ್ಥವಾಯಿತು.

ನ್ಯಾಯ ಅಂದರೆ ಬರೀ ಸೇಡು ಅಷ್ಟೇನಾ?

ಎಷ್ಟೋ ಕಡೆ ಹಾಗೆ ಕಾಣುತ್ತದೆ. ಆದರೆ ಸೇಡಿಗೂ ಒಂದು ಎಲ್ಲೆ ಇಡುತ್ತಾನೆ. ಉತ್ತರ ಆಫ್ರಿಕಾದ ಗ್ರೀಕ್ ಪಟ್ಟಣ ಸಿರೀನ್‌ನ ರಾಣಿ ಫೆರೆಟೀಮಾ ತನ್ನ ಮಗನ ಕೊಲೆಗೆ ಪ್ರತಿಯಾಗಿ ಬಾರ್ಕಾ ಪಟ್ಟಣದ ಗಂಡಸರನ್ನು ಗೋಡೆ ಸುತ್ತ ಶೂಲಕ್ಕೇರಿಸಿ, ಅವರ ಹೆಂಗಸರ ಮೊಲೆ ಕೊಯ್ಸಿದಳು. ಕೊನೆಗೆ ಮೈಯಲ್ಲಿ ಹುಳ ಬಿದ್ದು ಸತ್ತಳು. ಅತಿಯಾದ ಸೇಡನ್ನು ದೇವರು ಸಹಿಸುವುದಿಲ್ಲ ಎಂದು ಅವನೇ ಹೇಳುತ್ತಾನೆ.

ನನಗೆ ಅಚ್ಚುಮೆಚ್ಚಿನದು ಗ್ಲಾಕಸ್‌ನ ಕಥೆ. ಸ್ಪಾರ್ಟಾದ ಈ ಮನುಷ್ಯ ಪ್ರಾಮಾಣಿಕ ಎಂದು ಹೆಸರಾದವನು. ಮಿಲೆಟಸ್‌ನವನೊಬ್ಬ ಅವನ ಬಳಿ ಹಣ ಇಟ್ಟುಹೋದ. ಅವನ ಮಕ್ಕಳು ಬಂದು ಕೇಳಿದಾಗ ನೆನಪಿಲ್ಲ ಎಂದು ಅವರನ್ನು ಸಾಗಹಾಕಿದ. ಆಮೇಲೆ ಡೆಲ್ಫಿಗೆ ಹೋಗಿ, ಸುಳ್ಳು ಆಣೆ ಮಾಡಿ ಆ ಹಣ ನುಂಗಬಹುದೇ ಎಂದು ಕಣಿ ಕೇಳಿದ. ಕಣಿ ಹೇಳಿತು: ಆಣೆ ಮಾಡು, ಸತ್ಯವಂತನೂ ಸಾಯಲೇಬೇಕಲ್ಲ. ಆದರೆ ಆಣೆಗೆ ಒಬ್ಬ ಮಗನಿದ್ದಾನೆ. ಅವನಿಗೆ ಹೆಸರಿಲ್ಲ, ಕೈಯಿಲ್ಲ, ಕಾಲಿಲ್ಲ. ಆದರೂ ಬೆನ್ನಟ್ಟಿ ಬಂದು ಇಡೀ ವಂಶವನ್ನು ಹಿಡಿಯುತ್ತಾನೆ. ಗ್ಲಾಕಸ್ ಕ್ಷಮೆ ಕೇಳಿ ಹಣ ವಾಪಸ್ ಮಾಡಿದ. ಆದರೂ ಕೇಳಿದ್ದೂ ಮಾಡಿದ್ದೂ ಒಂದೇ ಎಂದಾಯಿತು. ಸ್ಪಾರ್ಟಾದಲ್ಲಿ ಅವನ ಹೆಸರು ಹೇಳುವ ಒಂದು ಮನೆಯೂ ಉಳಿಯಲಿಲ್ಲ.

ಇಷ್ಟು ಒಳ್ಳೆಯ ಕಥೆಯನ್ನು ಹೇಳಿದವನು ಸ್ಪಾರ್ಟಾದ ದೊರೆ ಲಿಯೊಟಿಕಿಡಾಸ್. ಅಥೆನ್ಸಿನವರು ಇಟ್ಟುಕೊಂಡಿದ್ದ ಒತ್ತೆಯಾಳುಗಳನ್ನು ಬಿಡಿಸಲು ಹೇಳಿದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನೋ, ಮುಂದೆ ಲಂಚ ತಿಂದು ಸಿಕ್ಕಿಬಿದ್ದ. ಹೆರೊಡೊಟಸ್‌ನ ತುಂಟತನ ಅರ್ಥವಾಗುವುದು ಇಂಥಲ್ಲೇ.

ಹೆರೊಡೊಟಸ್‌ಗೂ ಥುಸಿಡಿಡೀಸ್‌ಗೂ ನಿಜವಾದ ವ್ಯತ್ಯಾಸ ಏನು?

ಒಬ್ಬ ದೇವರನ್ನು ನಂಬಿದ, ಇನ್ನೊಬ್ಬ ನಂಬಲಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಅದಕ್ಕಿಂತ, ಇಬ್ಬರೂ ಬರೆದ ಒಂದೇ ಘಟನೆಯನ್ನು ನೋಡುವುದು ಒಳ್ಳೆಯದು. ಅಂಥದ್ದೊಂದು ನಮಗೆ ಸಿಕ್ಕಿದೆ.

ಡೇರಿಯಸ್‌ನ ದೂತರು ಶರಣಾಗತಿಯ ಗುರುತಾಗಿ ಮಣ್ಣು ಮತ್ತು ನೀರು ಕೇಳಲು ಬಂದರು. ಅಥೆನ್ಸಿನವರು ಅವರನ್ನು ಅಪರಾಧಿಗಳ ಗುಂಡಿಗೆ ತಳ್ಳಿದರು. ಸ್ಪಾರ್ಟಾದವರು, "ಬೇಕಾದ್ದು ಅಲ್ಲೇ ತಗೊಳ್ಳಿ" ಎಂದು ಬಾವಿಗೆ ನೂಕಿದರು. ಆಮೇಲೆ ಸ್ಪಾರ್ಟಾದಲ್ಲಿ ಯಾವ ಬಲಿ ಕೊಟ್ಟರೂ ಶಕುನ ಒಳ್ಳೆಯದಾಗಲಿಲ್ಲ. ದೂತರ ಕುಲದ ಮೂಲಪುರುಷ ಟಾಲ್ತಿಬಿಯಸ್‌ನ ಕೋಪ ಅದು ಎಂದರು. ಊರಿಗಾಗಿ ಸಾಯುವವರು ಯಾರು ಎಂದು ಸಭೆಯಲ್ಲಿ ಮತ್ತೆ ಮತ್ತೆ ಕೇಳಿದಾಗ ಸ್ಪೆರ್ತಿಯಾಸ್ ಮತ್ತು ಬುಲಿಸ್ ಎದ್ದುನಿಂತರು. ಸತ್ತ ದೂತರಿಗೆ ಪ್ರತಿಯಾಗಿ ಪ್ರಾಣ ಕೊಡಲು ಪರ್ಷಿಯಾದ ದೊರೆಯಿದ್ದ ಸೂಸಾ ಪಟ್ಟಣಕ್ಕೆ ನಡೆದರು. ದೊರೆಗೆ ಅಡ್ಡಬೀಳಿ ಅಂದಾಗ, ಮನುಷ್ಯನಿಗೆ ಅಡ್ಡಬೀಳುವುದು ನಮ್ಮ ರೂಢಿಯಲ್ಲ ಅಂದರು. ಜರ್ಕ್‌ಸೀಸ್ ಅವರನ್ನು ಕೊಲ್ಲಲಿಲ್ಲ. ದೂತರನ್ನು ಕೊಂದು ನೀವು ಎಲ್ಲ ಮನುಷ್ಯರ ಕಟ್ಟಳೆ ಮುರಿದಿರಿ, ನಿಮ್ಮನ್ನು ಬೈದ ಕೆಲಸವನ್ನೇ ನಾನು ಮಾಡಲಾರೆ ಅಂದ. ಸಮುದ್ರಕ್ಕೆ ಏಟು ಹಾಕಿಸಿದ ಅದೇ ಮನುಷ್ಯ ಇಲ್ಲಿ ಗ್ರೀಕರಿಗೆ ನ್ಯಾಯ ಹೇಳಿಕೊಡುತ್ತಾನೆ!

ಕಥೆ ಮುಗಿಯಲಿಲ್ಲ. ಕ್ರಿ.ಪೂ. 430ರಲ್ಲಿ ಆ ಇಬ್ಬರ ಮಕ್ಕಳು, ನಿಕೊಲಾಸ್ ಮತ್ತು ಅನೆರಿಸ್ಟಸ್, ದೂತರಾಗಿ ಏಷ್ಯಾಕ್ಕೆ ಹೊರಟಿದ್ದಾಗ ಸಿಕ್ಕಿಬಿದ್ದರು. ಅಥೆನ್ಸಿನವರು ಅವರನ್ನು ಕೊಂದರು. ಕೋಪ ದೂತರ ಮೇಲೇ ಬಿತ್ತು, ಅದರಲ್ಲೂ ಅದೇ ಇಬ್ಬರ ಮಕ್ಕಳ ಮೇಲೆ ಬಿತ್ತು, ಇದು ದೇವರ ಕೆಲಸ ಎಂದು ನನಗೆ ಸ್ಪಷ್ಟ ಎನ್ನುತ್ತಾನೆ ಹೆರೊಡೊಟಸ್.

ಥುಸಿಡಿಡೀಸ್ ಎರಡನೆಯ ಭಾಗದಲ್ಲಿ ಇದೇ ಕೊಲೆಯನ್ನು ಬರೆಯುತ್ತಾನೆ. ಪರ್ಷಿಯಾದ ನೆರವು ಕೇಳಲು ಹೊರಟ ನಿಯೋಗ ಥ್ರೇಸ್‌ನಲ್ಲಿ ಸಿಕ್ಕಿತು. ಅಥೆನ್ಸಿನವರು ವಿಚಾರಣೆಯಿಲ್ಲದೆ, ಮಾತಾಡಲೂ ಬಿಡದೆ ಅದೇ ದಿನ ಕೊಂದು ಗುಂಡಿಗೆ ಎಸೆದರು. ಕಾರಣ, ಆ ಗುಂಪಿನಲ್ಲಿದ್ದ ಕಾರಿಂತ್‌ನ ಅರಿಸ್ಟಿಯಸ್ ಉಳಿದರೆ ಇನ್ನೂ ತೊಂದರೆ ಕೊಡುತ್ತಾನೆ ಎಂಬ ಭಯ. ಹೇಳಿಕೊಂಡ ನೆಪ, ಸ್ಪಾರ್ಟಾದವರು ತಮ್ಮ ವ್ಯಾಪಾರಿಗಳನ್ನು ಹೀಗೇ ಕೊಂದಿದ್ದರು ಎಂಬುದು. ಅಪ್ಪಂದಿರ ಮಾತಿಲ್ಲ. ಟಾಲ್ತಿಬಿಯಸ್ ಇಲ್ಲ. ಒಬ್ಬನಿಗೆ ಹಳೆಯ ಸಾಲ ತೀರಿದ್ದು ಕಂಡಿತು, ಇನ್ನೊಬ್ಬನಿಗೆ ಹೊಸ ಕೊಲೆ ಮಾತ್ರ.

ಹಾಗಂತ ಹೆರೊಡೊಟಸ್ ಎಲ್ಲದಕ್ಕೂ ದೇವರನ್ನು ತರುತ್ತಾನೆ ಅಂದುಕೊಳ್ಳಬೇಡಿ. ದೂತರನ್ನು ಅಥೆನ್ಸಿನವರೂ ಕೊಂದಿದ್ದರಲ್ಲ, ಅವರಿಗೇನಾಯಿತು? ಅವರ ಊರೇನೋ ಸುಟ್ಟುಹೋಯಿತು, ಆದರೆ ಈ ಕಾರಣಕ್ಕೆ ಅಂತ ನನಗೆ ಅನಿಸುವುದಿಲ್ಲ ಎಂದು ಬರೆಯುತ್ತಾನೆ. ಸುಲಭವಾಗಿ ಹೊಂದಿಸಬಹುದಾಗಿದ್ದ ಲೆಕ್ಕವನ್ನು ಹೊಂದಿಸದೆ ಬಿಟ್ಟ ಈ ಒಂದು ಸಾಲಿಗಾಗಿ ಅವನ ಮೇಲೆ ನನಗೆ ಗೌರವ ಜಾಸ್ತಿ.

ಥುಸಿಡಿಡೀಸ್‌ನಲ್ಲಿ ನ್ಯಾಯಕ್ಕೆ ಜಾಗವೇ ಇಲ್ವಾ?

ಅವನಲ್ಲಿ ನ್ಯಾಯದ ಮಾತು ಬೇಕಾದಷ್ಟಿದೆ. ಮೇಲಿಂದ ಬಂದು ತೀರ್ಪು ಕೊಡುವವರಿಲ್ಲ, ಅಷ್ಟೇ. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೀಲೊಸ್ ಎಂಬ ಚಿಕ್ಕ ದ್ವೀಪವನ್ನು ಮುತ್ತಿದರು. ನ್ಯಾಯ ನಮ್ಮ ಕಡೆಗಿದೆ, ದೇವರು ಕೈಬಿಡಲಾರ ಎಂದರು ಮೀಲೊಸ್‌ನವರು. ಬಲ ಇದ್ದವನು ಆಳುವುದೇ ನಿಯಮ, ದೇವರಿಗೂ ಮನುಷ್ಯರಿಗೂ ಎಂದರು ಅಥೆನ್ಸಿನವರು. ಊರು ಬಿದ್ದಿತು. ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಮಾರಿದರು. ಪುಟ ತಿರುಗಿಸಿದರೆ ಅಥೆನ್ಸಿನ ಸಿಸಿಲಿ ದಂಡಯಾತ್ರೆ ಶುರು. ಅದು 413ರಲ್ಲಿ ಸರ್ವನಾಶದಲ್ಲಿ ಮುಗಿಯಿತು. ಇದು ಅದಕ್ಕೆ ಶಿಕ್ಷೆ ಎಂದು ಅವನು ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾನೆ.

ಸಿಸಿಲಿಯಲ್ಲಿ ದಂಡನಾಯಕ ನಿಕಿಯಾಸ್ ದೈವಭಕ್ತ. ಚಂದ್ರಗ್ರಹಣ ಆಯಿತೆಂದು ಜೋಯಿಸರ ಮಾತು ಕೇಳಿ 27 ದಿನ ಕಾಯಲು ಹೊರಟ. ಆ ತಡವೇ ಸೈನ್ಯಕ್ಕೆ ಮುಳುವಾಯಿತು. ನನ್ನ ಕಾಲದ ಗ್ರೀಕರಲ್ಲಿ ಇಂಥ ಸಾವಿಗೆ ಎಲ್ಲರಿಗಿಂತ ಕಡಿಮೆ ಅರ್ಹನಾಗಿದ್ದವನು ಇವನು ಎನ್ನುತ್ತಾನೆ ಥುಸಿಡಿಡೀಸ್.

ಆಮೇಲಿನ ಇತಿಹಾಸಕಾರರು?

ಕ್ಸೆನೊಫೋನ್ ಹಳೆಯ ದಾರಿಗೆ ಮರಳುತ್ತಾನೆ. ಆಣೆ ಮುರಿದು ಥೀಬ್ಸ್‌ನ ಕೋಟೆ ಹಿಡಿದ ಸ್ಪಾರ್ಟಾದವರನ್ನು ದೇವರೇ ಶಿಕ್ಷಿಸಿದರು ಎಂದು ನೇರವಾಗಿ ಬರೆಯುತ್ತಾನೆ. ಪೊಲಿಬಿಯಸ್‌ನ ಬರಹದಲ್ಲಿ ಎಲ್ಲೆಲ್ಲೂ ಅದೃಷ್ಟದೇವತೆ. ಆದರೂ ಮಳೆ, ಬರಗಳಂಥ ಕಾರಣ ಸಿಗದ್ದಕ್ಕೆ ಮಾತ್ರ ದೈವವನ್ನು ಹೇಳಿ, ಕಾರಣ ಸಿಗುವುದಕ್ಕೆ ಬೇಡ ಎನ್ನುವ ಎಚ್ಚರ ಅವನಿಗಿದೆ.

ಎಲ್ಲಿಂದ ಓದಲು ಶುರು ಮಾಡಲಿ?

ಮೊದಲ ಭಾಗದಲ್ಲಿ ಕ್ರೀಸಸ್‌ನ ಕಥೆ ಮುಗಿಯುವ 91ನೇ ಅಧ್ಯಾಯದ ತನಕ ಓದಿ. ನಂತರ ಮೂರನೆಯ ಭಾಗದ ಕಾಂಬಿಸಸ್ ಮತ್ತು ಪೊಲಿಕ್ರಟೀಸ್. ಆಮೇಲೆ ಏಳನೆಯದು ಪೂರ್ತಿ. ಎರಡನೆಯ ಭಾಗದ ಈಜಿಪ್ಟಿನ ವರ್ಣನೆ ಉದ್ದ, ಬೇಸರವಾದರೆ ಸದ್ಯಕ್ಕೆ ಬಿಡಿ. ಆದರೆ ಅದರ 120ನೇ ಅಧ್ಯಾಯವನ್ನು ಬಿಡಬೇಡಿ. ಗ್ರೀಕರು ಟ್ರಾಯ್ ಪಟ್ಟಣದ ಮೇಲೆ ಯುದ್ಧಕ್ಕೆ ಹೋದದ್ದೇ ಹೆಲೆನ್‌ಗಾಗಿ; ಆದರೆ ಅವಳು ಟ್ರಾಯ್‌ನಲ್ಲಿ ಇರಲೇ ಇಲ್ಲ, ಈಜಿಪ್ಟಿನಲ್ಲಿದ್ದಳು, ಟ್ರಾಯ್‌ನವರು ನಿಜ ಹೇಳಿದರೂ ಗ್ರೀಕರು ನಂಬಲಿಲ್ಲ ಎಂದು ಅಲ್ಲಿ ವಾದಿಸುತ್ತಾನೆ. ದೊಡ್ಡ ಅನ್ಯಾಯಕ್ಕೆ ದೊಡ್ಡ ಶಿಕ್ಷೆ ಎಂದು ತೋರಿಸಲು ದೇವರು ಹಾಗೆ ಮಾಡಿದ ಎಂಬುದು ಅವನ ಅಭಿಪ್ರಾಯ. ಹತ್ತು ವರ್ಷದ ಯುದ್ಧ ಅಲ್ಲಿ ಇಲ್ಲದ ಹೆಂಗಸಿಗಾಗಿ ನಡೆಯಿತು ಎನ್ನುವುದನ್ನು ನ್ಯಾಯ ಅನ್ನಬೇಕೋ ಬೇಡವೋ ಎಂದು ಓದಿದ ಮೇಲೆ ನೀವೇ ಜಗಳಾಡಿಕೊಳ್ಳಿ.